ಬಾಗಿಲ ಹೊರಗೆ ನಿಂತವರು

ಅಮೆರಿಕಕ್ಕೆ ಹೋದ ನಮ್ಮ ಕಡೆಯವರು ನಯಾಗರಾ ನೋಡಿ ಬರುತ್ತಾರೆ. ನಾನು ಹೋದದ್ದು ಅಂಗೈಯಗಲದ ಒಂದು ಹರಕು ಹಾಳೆ ನೋಡಲು. ಈಜಿಪ್ಟಿನ ಜೊಂಡಿನಿಂದ ಮಾಡಿದ, ಸುಮಾರು ಸಾವಿರದ ಏಳುನೂರೈವತ್ತು ವರ್ಷ ಹಳೆಯ ಹಾಳೆ ಅದು.

ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಚರಿತ್ರೆ ಪಾಠ ಮಾಡುತ್ತಿದ್ದವಳು ನಾನು. ರೋಮ್ ಸಾಮ್ರಾಜ್ಯದ ಪಾಠದ ಕೊನೆಗೆ ‘ಕ್ರೈಸ್ತ ಧರ್ಮದ ಉದಯ’ ಅಂತ ನಾಲ್ಕು ಪುಟ ಬರುತ್ತದೆ. ಸಿಂಹಗಳ ಬಾಯಿಗೆ ಬಿದ್ದರೂ ನಂಬಿಕೆ ಬಿಡದ ಭಕ್ತರು, ಅವರನ್ನು ನೋಡಿ ಮನಸ್ಸು ಕರಗಿದ ಜನ, ಕೊನೆಗೆ ಚಕ್ರವರ್ತಿಯೇ ಆ ಧರ್ಮದ ಕಡೆ ವಾಲಿದ್ದು. ವರ್ಷ ವರ್ಷ ಅದನ್ನೇ ಹೇಳಿ ಹೇಳಿ ನನಗೆ ಕಂಠಪಾಠವಾಗಿತ್ತು. ಒಂದು ಮಾಸಪತ್ರಿಕೆಗೆ ಅದನ್ನೇ ಹಿಗ್ಗಿಸಿ ಲೇಖನ ಕೂಡ ಬರೆದೆ. ಶಿಕಾಗೋ ಹತ್ತಿರ ಇರುವ ನನ್ನ ಚಿಕ್ಕಮ್ಮನ ಮಗಳು ನಳಿನಿಗೆ ಆ ಸಂಚಿಕೆ ಕಳಿಸಿದ್ದೆ. ಅವಳು ಓದಿ, ತನ್ನ ಗಂಡ ಮೋಹನನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರಿಗೆ ಕೊಟ್ಟಳು. ಅವರಿಂದ ನನಗೆ ಕಾಗದ ಬಂತು.

ಅವರ ಹೆಸರು ಸಮುವೇಲ. ಗದಗದ ಪಕ್ಕದ ಬೆಟಗೇರಿಯವರು. ಮೂರು ತಲೆಮಾರಿನ ಹಿಂದೆ ಮಿಶನ್ನಿನವರ ಕೈಯಲ್ಲಿ ಕ್ರೈಸ್ತರಾದ ನೇಕಾರರ ಮನೆತನ. ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳನ್ನು ಪರೀಕ್ಷೆ ಮಾಡಿ ಪಾಸು ಮಾಡುವ ಇನ್‌ಸ್ಪೆಕ್ಟರ್ ಕೆಲಸ. ಹಳೆಯ ಕಾಲದ ದುಂಡಕ್ಷರದಲ್ಲಿ ಬರೆದಿದ್ದರು: ‘ಸತ್ತವರಿಂದ ಕ್ರೈಸ್ತ ಸಭೆ ಬೆಳೆಯಿತು ಎಂದು ಬರೆದಿರುವಿರಿ. ಸತ್ತವರು ಸ್ವಲ್ಪ ಜನ, ಹೆದರಿದವರು ಬಹಳ ಜನ. ಹೆದರಿ, ತಾವು ಕ್ರೈಸ್ತರಲ್ಲ ಎಂದು ಬರೆದುಕೊಟ್ಟು, ಆಮೇಲೆ ಅಳುತ್ತ ತಿರುಗಿ ಬಂದವರನ್ನು ಏನು ಮಾಡಬೇಕು ಎಂದು ಆ ಕಾಲದವರು ಬಡಿದಾಡಿದರು. ಅದನ್ನು ಬಿಟ್ಟಿರುವಿರಿ.’

ಆ ಕಾಗದ ಓದಿ ನನಗೆ ಎರಡು ದಿನ ಸಿಟ್ಟು ಬಂದಿತ್ತು. ಮೂರನೆಯ ದಿನ ಉತ್ತರ ಬರೆದೆ. ಹಾಗೆ ಎರಡು ವರ್ಷ ನಮ್ಮಿಬ್ಬರ ಜಗಳ ಅಂಚೆಯಲ್ಲಿ ನಡೆಯಿತು. ಡೆಟ್ರಾಯಿಟ್ ಬಳಿಯ ಒಂದು ವಿಶ್ವವಿದ್ಯಾಲಯದಲ್ಲಿ ಆ ಕಾಲದವರು ಬರೆದುಕೊಟ್ಟ ಒಂದು ಹಾಳೆಯೇ ಇದೆ, ಬಂದರೆ ತೋರಿಸುತ್ತೇನೆ ಅಂತ ಅವರು ಬರೆದರು. ಕೂಡಿಟ್ಟ ರಜೆ ಹಾಕಿ, ೨೦೦೯ರ ಫೆಬ್ರವರಿಯಲ್ಲಿ ಹೊರಟೆ.

ಎಲ್ಕ್ ಗ್ರೋವ್ ವಿಲೇಜ್

ವಿಮಾನ ನಿಲ್ದಾಣದಲ್ಲಿ ಒಂದು ನಾಯಿ ನನ್ನ ಚೀಲದ ಮುಂದೆ ಕೂತುಬಿಟ್ಟಿತು. ಸಮುವೇಲರಿಗೆಂದು ಗದಗದಿಂದ ತರಿಸಿದ್ದ ಶೇಂಗಾ ಚಟ್ನಿಪುಡಿಯ ವಾಸನೆ ಅದಕ್ಕೆ ಹಿಡಿಸಿತ್ತು. ಅಧಿಕಾರಿ ಪೊಟ್ಟಣ ಬಿಚ್ಚಿ, ಮೂಸಿ, ಮೂರು ಸಲ ಸೀನಿ, ಕೈಬೀಸಿ ಹೋಗಿ ಅಂದ. ಆ ಪ್ರಯಾಣದಲ್ಲಿ ನಾನು ನಕ್ಕದ್ದು ಹೆಚ್ಚುಕಡಿಮೆ ಅದೊಂದೇ ಸಲ.

ಮೋಹನ್ ಕರೆದುಕೊಂಡು ಹೋಗಲು ಬಂದಿದ್ದರು. ನಲವತ್ತೆರಡರ ವಯಸ್ಸಿಗೇ ಕಣ್ಣ ಕೆಳಗೆ ಕಪ್ಪಾಗಿತ್ತು. “ಅಕ್ಕ, ದಾರೀಲೇ ನಮ್ಮ ಪ್ಲಾಂಟು. ಹತ್ತು ನಿಮಿಷ, ಒಂದು ಪೇಪರ್ ಕೊಟ್ಟು ಬಂದ್ಬಿಡ್ತೀನಿ” ಅಂದರು. ಹೀಟರ್ ಹಾಕಿ ನನ್ನನ್ನು ಕಾರಲ್ಲೇ ಕೂರಿಸಿ ಒಳಗೆ ಹೋದರು.

ಕಿಟಕಿಯಿಲ್ಲದ ಉದ್ದುದ್ದ ಕಟ್ಟಡಗಳು, ಒಂದರ ಪಕ್ಕ ಒಂದು, ಕಣ್ಣು ಹೋಗುವಷ್ಟು ದೂರ. ಫುಟ್‌ಬಾಲ್ ಮೈದಾನದಂಥ ಪಾರ್ಕಿಂಗ್ ಜಾಗದಲ್ಲಿ ಬಾಗಿಲ ಹತ್ತಿರ ಮಾತ್ರ ಒಂದಷ್ಟು ಕಾರು. ಉಳಿದ ಕಡೆ ಹಿಮದ ಮೇಲೆ ಒಂದು ಗಾಲಿಯ ಗುರುತೂ ಇಲ್ಲ. ನಮ್ಮೂರಲ್ಲಿ ಕಾರ್ಖಾನೆ ನಿಂತರೆ ಗೇಟಿನ ಮುಂದೆ ಜನ ಕೂರುತ್ತಾರೆ, ಕೂಗುತ್ತಾರೆ, ಚಹಾದವನು ಬರುತ್ತಾನೆ. ಇಲ್ಲಿ ಹೋದವರು ಹೋದರು ಅಷ್ಟೇ, ಹಿಮ ಅವರ ಜಾಗ ಮುಚ್ಚಿಬಿಟ್ಟಿತ್ತು.

ಮೋಹನ್ ತಿರುಗಿ ಬಂದಾಗ ಕೇಳಿದೆ: “ಸಮುವೇಲರ ಮನೆ ಇಲ್ಲೇ ಅಲ್ವಾ? ಒಂದು ನಿಮಿಷ ತಲೆ ಹಾಕಿ ಹೋಗೋಣ.”

ಅವರು ಸೀಟ್ ಬೆಲ್ಟಿನ ಕೊಂಡಿ ಹುಡುಕುತ್ತಾ ಹೇಳಿದರು: “ಅವ್ರು ಈಗ ಇಲ್ಲಿಲ್ಲ ಅಕ್ಕ. ಮಗಳ ಮನೆಗೆ ಹೋದ್ರು. ಡೆಟ್ರಾಯಿಟ್ ಕಡೆ, ಸೌತ್‌ಫೀಲ್ಡು.”

“ಯಾಕೆ? ನನಗೆ ಬರೆದೇ ಇಲ್ಲವಲ್ಲ.”

“ಲೇ-ಆಫ್ ಆಯ್ತು.” ಅಷ್ಟು ಹೇಳಿ ರೇಡಿಯೋ ಹಾಕಿದರು.

ಡೌನರ್ಸ್ ಗ್ರೋವ್

ನಳಿನಿಯ ಮನೆ ಬೆಚ್ಚಗಿತ್ತು, ಅಚ್ಚುಕಟ್ಟಾಗಿತ್ತು. ಹನ್ನೊಂದು ವರ್ಷದ ಮಗಳು ಅನನ್ಯಾ ನನ್ನನ್ನು ‘ದೊಡ್ಡಮ್ಮ’ ಅಂತ ಕರೆದು, ಮಿಕ್ಕದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಎದುರು ಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಅಂಗಳದಲ್ಲಿ ಮಕ್ಕಳ ಸೈಕಲ್ಲೊಂದು ಹಿಮದಲ್ಲಿ ಅರ್ಧ ಹೂತಿತ್ತು. ಬ್ಯಾಂಕಿನವರು ಮನೆ ತೆಗೆದುಕೊಂಡರಂತೆ.

“ಎಲ್ಲಿಗೆ ಹೋದರು?” ಅಂತ ಅನನ್ಯಾಳನ್ನು ಕೇಳಿದೆ.

“ಐ ಡೋಂಟ್ ನೋ, ದೊಡ್ಡಮ್ಮ. ನೋಬಡಿ ಆಸ್ಕ್ಡ್.”

ಶನಿವಾರ ಇವರ ಸ್ನೇಹಿತರ ಮನೆಯಲ್ಲಿ ಊಟ. ಬೆಂಗಳೂರು, ಮೈಸೂರು, ದಾವಣಗೆರೆಯ ಏಳೆಂಟು ಮನೆಯವರು ಒಂದೊಂದು ಅಡುಗೆ ಮಾಡಿ ತಂದಿದ್ದರು. ಬಿಸಿಬೇಳೆ ಬಾತ್, ಮಾವಿನಕಾಯಿ ಚಿತ್ರಾನ್ನ, ಅಂಗಡಿಯ ರಸಮಲಾಯಿ. ನಮ್ಮವರು ಇಬ್ಬರು ಸೇರಿದರೆ ‘ಎಲ್ಲಿ ಕೆಲಸ?’ ಅನ್ನುವುದೇ ಮೊದಲ ಮಾತಲ್ಲವೇ? ಆ ಸಂಜೆ ಆ ಪ್ರಶ್ನೆಯನ್ನು ಒಬ್ಬರೂ ಕೇಳಲಿಲ್ಲ. ಹವಾಮಾನದ ಬಗ್ಗೆ ಮಾತಾಡಿದರು. ಎಷ್ಟು ಫ್ಯಾರನ್‌ಹೀಟ್, ಎಷ್ಟು ಇಂಚು ಹಿಮ. ನಾನು ಸಮುವೇಲರ ಹೆಸರೆತ್ತಿದೆ. ಪಕ್ಕದಲ್ಲಿದ್ದವರು “ಒಳ್ಳೇ ಮನುಷ್ಯ” ಅಂತ ಹೇಳಿ ತಟ್ಟೆಯ ಕಡೆ ನೋಡಿದರು. ಮೋಹನ್ ಎದ್ದು ನೀರು ಕುಡಿಯಲು ಹೋದರು.

ಮರುದಿನ ಬೆಳಿಗ್ಗೆ ನಳಿನಿಯನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ. ಅವಳು ಒಲೆ ಆರಿಸಿ, “ಇವರನ್ನೇ ಕೇಳು ಅಕ್ಕ. ನಾನು ಹೇಳಿದ್ರೆ ಚಾಡಿ ಆಗತ್ತೆ” ಅಂದಳು. ಸಂಜೆ ಗಂಡನಿಗೂ ಖಡಾಖಂಡಿತವಾಗಿ ಹೇಳಿದಳು: “ಅಕ್ಕನ್ನ ಸೌತ್‌ಫೀಲ್ಡಿಗೆ ನೀವೇ ಡ್ರೈವ್ ಮಾಡ್ಕೊಂಡು ಹೋಗಿ. ಟ್ರೈನು ಗೀನು ಬೇಡ.”

ಹೆದ್ದಾರಿ ೯೪

ಗುರುವಾರ ಹೊರಟೆವು. ಐದು ಗಂಟೆಯ ದಾರಿ. ಸರೋವರದ ತುದಿ ಬಳಸಿ ಇಂಡಿಯಾನಾ ದಾಟುವ ತನಕ ಹೊಗೆಕೊಳವೆಗಳು, ಆಮೇಲೆ ಬರೀ ಬಿಳಿ ಬಯಲು. ಆಗಾಗ ಒಂದು ಎಕ್ಸಿಟ್ ಫಲಕ, ಯಾವ ಊರೂ ಕಾಣಿಸುವುದಿಲ್ಲ. ನಮ್ಮಲ್ಲಿ ಹೆದ್ದಾರಿ ಊರನ್ನು ಸೀಳಿಕೊಂಡು ಹೋಗುತ್ತದೆ, ಬೇಸರವಾದರೆ ಯಾರದೋ ಮನೆಯ ಜಗಲಿ ನೋಡಬಹುದು. ಇಲ್ಲಿ ಬೇಸರಕ್ಕೆ ಮಾತೇ ಗತಿ.

ಕಲಮಜೂ ಅನ್ನುವ ಊರಿನ ಎಕ್ಸಿಟ್ ದಾಟಿದ ಮೇಲೆ ಮೋಹನ್ ತಾವಾಗಿಯೇ ಶುರು ಮಾಡಿದರು.

ಸ್ಟೀರಿಂಗಿಗೆ ಹೋಗುವ ಒಂದು ಚಿಕ್ಕ ಉಕ್ಕಿನ ಭಾಗ. ಅದರಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ತೋರಿಸುವ ಮಷೀನು ಕೆಟ್ಟು ಹದಿನೈದು ದಿನವಾಗಿತ್ತು. ರಿಪೇರಿಗೆ ಮೇಲಿನವರು ಒಪ್ಪಲಿಲ್ಲ. ಮಷೀನು ಸರಿಹೋಗುವ ತನಕ ಮಾಲು ಕಳಿಸಬೇಡಿ ಅಂತ ಸಮುವೇಲರು ಬರೆದುಕೊಟ್ಟರು. ಅವರ ಮೇಲಿನ ಎಂಜಿನಿಯರ್ ಮೋಹನ್. ಆ ಚೀಟಿ ಇವರ ಕೈಗೇ ಬಂತು, ಇವರು ಮ್ಯಾನೇಜರಿಗೆ ಮುಟ್ಟಿಸಿದರು. ಮ್ಯಾನೇಜರು ಮಾಲು ಕಳಿಸಿದ. ಕೊಂಡ ಕಂಪನಿಯವರು ಬಿರುಕು ಕಂಡು ಲೋಡುಗಟ್ಟಲೆ ವಾಪಸು ಕಳಿಸಿದರು. ಯಾರಾದರೊಬ್ಬರು ಹೊಣೆ ಹೊರಬೇಕಾಯಿತು.

“ಒಂದು ರಿಪೋರ್ಟು ಮುಂದೆ ಇಟ್ರು ಅಕ್ಕ. ಇನ್‌ಸ್ಪೆಕ್ಟರು ಪರೀಕ್ಷೆ ಮಾಡದೆ ಪಾಸ್ ಮಾಡಿದ್ದಾರೆ, ಅವರಿಂದ ನನಗೆ ಯಾವ ಚೀಟಿಯೂ ಬಂದಿಲ್ಲ ಅಂತ. ಸಹಿ ಮಾಡಿ ಅಂದ್ರು.”

“ಮಾಡಿದ್ರಾ?”

“ಮಾಡ್ದೆ.”

ವೈಪರ್ ಎರಡು ಸಲ ಆಡಿತು.

“ನನ್ನ ವೀಸಾ ಕಂಪನಿ ಕೈಲಿದೆ. ಗ್ರೀನ್ ಕಾರ್ಡಿಗೆ ಅವರೇ ಅಪ್ಲೈ ಮಾಡಿದ್ದಾರೆ, ಆರು ವರ್ಷದಿಂದ ಕಾಯ್ತಿದೀವಿ. ಕೆಲಸ ಹೋದ್ರೆ ಗಂಟು ಮೂಟೆ ಕಟ್ಟಬೇಕು. ಅನನ್ಯಾಗೆ ಕನ್ನಡ ಓದೋಕೆ ಬರಲ್ಲ. ಅಂಕಲ್‌ಗೆ ಸಿಟಿಜನ್‌ಶಿಪ್ ಇದೆ, ಹೆಂಗೋ ಇನ್ನೊಂದು ಕೆಲಸ ಸಿಗತ್ತೆ ಅನ್ಕೊಂಡೆ.”

“ಯೋಚನೆ ಮಾಡೋಕೆ ಟೈಮ್ ಕೇಳಬಹುದಿತ್ತು.”

“ಪೆನ್ನು ಕೈಲಿ ಕೊಟ್ಟು ನಿಂತಿದ್ರು ಅಕ್ಕ.” ದನಿ ಗಟ್ಟಿ ಮಾಡಿ ಹೇಳಿದರು: “ನೀವು ಬರೀತೀರಲ್ಲ, ನಂಬಿಕೆಗೆ ಪ್ರಾಣ ಕೊಟ್ಟ ರಕ್ತಸಾಕ್ಷಿಗಳು ಅಂತ, ನಾನು ಅಂಥವನಲ್ಲ.”

ಪರೀಕ್ಷೆ ಮಾಡದೆ ಪಾಸ್ ಮಾಡಿದವನು ಅನ್ನುವ ಹೆಸರು ಬಂದಮೇಲೆ ಸಮುವೇಲರನ್ನು ಯಾವ ಕಾರ್ಖಾನೆಯೂ ಒಳಗೆ ಬಿಟ್ಟುಕೊಳ್ಳಲಿಲ್ಲ. ತಪ್ಪು ಮಾಡಿ ಹೋದವರಿಗೆ ಸರ್ಕಾರದ ನಿರುದ್ಯೋಗ ಸಹಾಯವೂ ಇಲ್ಲ. ಅವರು ಮೇಲ್ಮನವಿ ಹಾಕಿದ್ದರು. ಬರುವ ತಿಂಗಳು ವಿಚಾರಣೆ.

ಬೈಯಬೇಕು ಅಂತ ಬಾಯಿ ತೆರೆದೆ. ಅವರ ಮನೆಯ ಅನ್ನ ಐದಾರು ದಿನ ಉಂಡ ಬಾಯಿ ಅದು. ಮುಚ್ಚಿ ಕಿಟಕಿಯ ಕಡೆ ತಿರುಗಿದೆ.

ಸೌತ್‌ಫೀಲ್ಡ್

ಗಾಜಿನ ಎತ್ತರದ ಆಫೀಸು ಕಟ್ಟಡಗಳು ದೂರದಿಂದ ಹೊಳೆಯುತ್ತಿದ್ದವು. ಹತ್ತಿರ ಹೋದರೆ ಮಹಡಿ ಮಹಡಿಯೇ ಖಾಲಿ, ಕೆಳಗೆ ‘ಬಾಡಿಗೆಗೆ ಇದೆ’ ಫಲಕ. ಮುಖ್ಯರಸ್ತೆಯಿಂದ ಒಳಗೆ ತಿರುಗಿ, ಇಟ್ಟಿಗೆಯ ಪುಟ್ಟ ಮನೆಗಳ ಒಂದು ಸಾಲಿನಲ್ಲಿ ಮೋಹನ್ ಕಾರು ನಿಲ್ಲಿಸಿದರು. ಇಂಜಿನ್ ಆರಿಸಲಿಲ್ಲ. ನನ್ನ ಪೆಟ್ಟಿಗೆ ಇಳಿಸಿ ಬಾಗಿಲ ತನಕವೂ ತರದೆ, ಅಂಗಳದ ತುದಿಯಲ್ಲೇ ಇಟ್ಟರು.

“ಭಾನುವಾರ ಬರ್ತೀನಿ ಅಕ್ಕ.”

ಬಾಗಿಲು ತೆರೆದವರು ಸಮುವೇಲರ ಹೆಂಡತಿ ಸುಶೀಲಾ. ನನ್ನ ಹೆಗಲ ಮೇಲಿಂದ ಕಾರು ನೋಡಿದರು. ಅದು ಮೂಲೆ ತಿರುಗುವ ತನಕ ನೋಡಿದರು. ಆಮೇಲೆ, “ಬರ್ರಿ ಅಕ್ಕೋರ, ಒಳಗ ಬರ್ರಿ. ಥಂಡಿ ಭಾಳ ಐತಿ” ಅಂದರು. ಅವರ ಕಡೆ ಶಾಲೆಯ ಮೇಡಮ್ಮಿಗೆ ಅಕ್ಕೋರು ಅನ್ನುತ್ತಾರೆ.

ಅಕ್ಷರ ನೋಡಿ ನಾನು ಸಮುವೇಲರನ್ನು ದೊಡ್ಡ ಆಳು ಅಂದುಕೊಂಡಿದ್ದೆ. ಕುಳ್ಳಗೆ, ಸಣ್ಣಗೆ, ಕಿವಿಯ ಮೇಲೆ ಬಿಳಿ ಕೂದಲು, ಅರವತ್ತರ ಅಂಚಿನವರು. ಮಗಳ ಮನೆಯ ಬೇಸ್‌ಮೆಂಟಿನಲ್ಲಿ ಗಂಡ ಹೆಂಡಿರ ವಾಸ. ಚಟ್ನಿಪುಡಿಯ ಪೊಟ್ಟಣವನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು.

“ಮೋಹನ ಹೊರಗಿಂದ ಹೊರಗ ಹ್ವಾದನೇನ್ರಿ?” ಅಂತ ಕೇಳಿದರು.

“ಹೌದು.”

“ನನಗ ಗೊತ್ತೈತ್ರಿ. ಸಹಿ ಮಾಡಿದ ಕಾಗದ ನನ್ನ ಮುಂದ ಇಟ್ಟು ತೋರಿಸ್ಯಾರ. ಅವನ ಸಹಿ ನಾ ದಿನಾ ನೋಡಾಂವ, ಗುರ್ತ ಹಿಡಿಯಾಕ ಒಂದ ಕ್ಷಣ ಹತ್ತಲಿಲ್ಲ.” ಪೊಟ್ಟಣ ಮಡಿಸಿ ಹೆಂಡತಿಗೆ ಕೊಟ್ಟು, “ನಾಳೆ ನಿಮ್ಮ ಕೆಲಸ ನೋಡೂಣು” ಅಂದು ಮಾತು ಮುಗಿಸಿದರು.

ಗ್ರಂಥಾಲಯ

ಶುಕ್ರವಾರ ಅವರ ಹಳೆಯ ಕಾರಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋದೆವು. ಮೇಲಿನ ಮಹಡಿಯ ಒಂದು ಸಣ್ಣ ಕೋಣೆ. ಕೋಟು, ಚೀಲ, ಪೆನ್ನು ಎಲ್ಲ ಹೊರಗೆ, ಪೆನ್ಸಿಲ್ ಮಾತ್ರ ಒಳಗೆ. ಗ್ರಂಥಪಾಲಕಿ ತೆಳ್ಳನೆಯ ವಯಸ್ಸಾದ ಹೆಂಗಸು. ಎರಡು ಗಾಜುಗಳ ನಡುವೆ ಇಟ್ಟ ಹಾಳೆಯನ್ನು ತಂದು, ಕೂಸನ್ನು ಮಲಗಿಸುವಂತೆ ಮೇಜಿನ ಮೇಲೆ ಇಟ್ಟಳು.

ಒಣಗಿದ ಬಾಳೆಪಟ್ಟೆಯ ಬಣ್ಣ. ಎಡಗಡೆ ಹುಳು ತಿಂದ ತೂತು. ಕಪ್ಪು ಮಸಿಯ ಗ್ರೀಕ್ ಅಕ್ಷರ, ಅವಸರದಲ್ಲಿ ಗೀಚಿದ್ದು, ನಮ್ಮ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವನ ಕೈಬರಹದ ಹಾಗೆ. ನಿಜಕ್ಕೂ ಅದು ಅರ್ಜಿಯೇ. ಸಾಮ್ರಾಜ್ಯ ನಡುಗುತ್ತಿದ್ದ ಕಾಲದಲ್ಲಿ ಚಕ್ರವರ್ತಿಯ ಅಪ್ಪಣೆಯಾಯಿತು: ಎಲ್ಲರೂ ಅಧಿಕಾರಿಗಳ ಎದುರು ನಾಡದೇವತೆಗಳಿಗೆ ಬಲಿ ಕೊಡಬೇಕು, ಕೊಟ್ಟಿದ್ದಕ್ಕೆ ಚೀಟಿ ಪಡೆಯಬೇಕು. ಚೀಟಿಯಿಲ್ಲದ ಕ್ರೈಸ್ತರಿಗೆ ಸೆರೆ, ಕೆಲವರಿಗೆ ಸಾವು.

ಗ್ರಂಥಪಾಲಕಿ ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಹೇಳಿದಳು, ನಾನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡೆ. ಇಂಥ ಹಳ್ಳಿಯ ಇಂಥವಳು, ಹೆಸರಿರುವ ಜಾಗ ಹರಿದಿದೆ. ನಾನು ಎಂದಿನಿಂದಲೂ ದೇವತೆಗಳಿಗೆ ಬಲಿ ಅರ್ಪಿಸುತ್ತಲೇ ಬಂದವಳು. ಈಗಲೂ ಅಪ್ಪಣೆಯಂತೆ ನಿಮ್ಮ ಕಣ್ಣೆದುರಿಗೆ ಪಾನ ಎರೆದು, ಬಲಿ ಕೊಟ್ಟು, ಅದರ ರುಚಿ ನೋಡಿದ್ದೇನೆ. ಕೆಳಗೆ ಸಹಿ ಮಾಡಿಕೊಡಬೇಕಾಗಿ ಬೇಡುತ್ತೇನೆ. ಅದರ ಕೆಳಗೆ ಬೇರೆ ಕೈಯಲ್ಲಿ: ನೀನು ಬಲಿ ಕೊಟ್ಟದ್ದನ್ನು ನಾವು ನೋಡಿದೆವು.

“ಇವಳು ಕ್ರೈಸ್ತಳೇ?” ಅಂತ ಕೇಳಿದೆ.

“ಹಾಳೆ ಹೇಳುವುದಿಲ್ಲ” ಅಂದಳು ಗ್ರಂಥಪಾಲಕಿ. “ಎಲ್ಲರೂ ತರಬೇಕಿತ್ತು. ಕ್ರೈಸ್ತರಾದವರಲ್ಲೂ ಹೆಚ್ಚು ಜನ ತಂದರು. ಬಲಿ ಕೊಡದೆಯೇ ಅಧಿಕಾರಿಗೆ ಲಂಚ ಕೊಟ್ಟು ಚೀಟಿ ಪಡೆದವರೂ ಇದ್ದರು.”

ಸಮುವೇಲರು ಮೇಜಿನ ತುದಿ ಹಿಡಿದು ಬಗ್ಗಿದ್ದರು. ಉಕ್ಕಿನ ತುಂಡಿನಲ್ಲಿ ಬಿರುಕು ಹುಡುಕುವವರ ಹಾಗೆ ಹಾಳೆಯ ಅಂಚಿನುದ್ದಕ್ಕೂ ಕಣ್ಣು ಹಾಯಿಸುತ್ತಿದ್ದರು. ಕನ್ನಡದಲ್ಲಿ ಮೆಲ್ಲಗೆ ಅಂದರು: “ಆಮ್ಯಾಲ ಏನಾತು ಗೊತ್ತೇನ್ರಿ? ಒಂದೆರಡು ವರ್ಷದಾಗ ಗದ್ದಲ ತಣ್ಣಗಾತು. ಚೀಟಿ ತಗೊಂಡವ್ರು ಒಬ್ಬೊಬ್ಬರ ತಿರುಗಿ ಬಂದ್ರು. ಜೈಲಿಗೆ ಹೋಗಿ ಬಂದವ್ರು ಒಳಗ ಕುಂತಾರ, ಇವ್ರು ಬಾಗಿಲ ಹೊರಗ ನಿಂತಾರ. ಕೆಲವ್ರು ಅಂದ್ರು, ಇವರನ್ನ ಎಂದೂ ಸೇರಿಸಬ್ಯಾಡ್ರಿ. ಕೆಲವ್ರು ಅಂದ್ರು, ಇವತ್ತ ಸೇರಿಸ್ರಿ. ಕಡೀಕ ಏನ್ ಮಾಡಿದ್ರು? ನಿಂದ್ರಿಸಿದ್ರು. ವರ್ಷಾನುಗಟ್ಟಲೆ ಬಾಗಿಲ ಹೊರಗ ನಿಂದ್ರಿಸಿದ್ರು. ಆದ್ರ ಬಾಗಿಲಾ ಹಾಕಲಿಲ್ಲ.”

“ಅದು ಕರುಣೆಯೇ?”

“ಗೊತ್ತಿಲ್ರಿ ಅಕ್ಕೋರ. ಕಾಗದದಾಗ ನಿಮಗ ಭಾಳ ಧೈರ್ಯಲೆ ಬರದಿದ್ದೆ. ಈಗ ಅದ ಪ್ರಶ್ನೆ ನನ್ನ ಬಾಗಿಲಿಗೆ ಬಂದೈತಿ.”

ಗಾಜಿನ ಮೇಲೆ ನನ್ನದೇ ಮುಖ ಕಾಣುತ್ತಿತ್ತು. ನಮ್ಮ ಕಾಲೇಜಿನಲ್ಲಿ ಒಮ್ಮೆ ಉತ್ತರಪತ್ರಿಕೆಗಳ ಕಟ್ಟು ಕಳೆದಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಸರಳಾ ಅನ್ನುವ ಹುಡುಗಿಯ ಮೇಲೆ ತಪ್ಪು ಹೊರಿಸಿದರು. ತಪ್ಪು ಅವಳದಲ್ಲ ಅಂತ ಗೊತ್ತಿದ್ದ ನಾಲ್ವರಲ್ಲಿ ನಾನೊಬ್ಬಳು. ಸಭೆಯ ನಡವಳಿಗೆ ಸಹಿ ಮಾಡಿ ಚಹಾ ಕುಡಿದೆ. ಆ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ತಿಳಿಯದು. ಇಪ್ಪತ್ತನಾಲ್ಕು ವರ್ಷ ಧೈರ್ಯವಂತರ ಕಥೆ ಹೇಳಿದ್ದೆ. ಈ ಹಾಳೆಯ ಹೆಂಗಸಿನ ಬಗ್ಗೆ ಹುಡುಗಿಯರಿಗೆ ಒಂದು ಮಾತೂ ಹೇಳಿರಲಿಲ್ಲ.

ಇನ್ನು ಮೇಲೆ ಕೋಣೆ ವಾರಕ್ಕೆ ಎರಡೇ ದಿನ ತೆರೆದಿರುತ್ತದೆ, ಹಣ ಕಡಿತ ಮಾಡಿದ್ದಾರೆ ಅಂತ ಗ್ರಂಥಪಾಲಕಿ ಹೇಳಿ ಹಾಳೆ ಎತ್ತಿಕೊಂಡು ಹೋದಳು.

ಡೆಟ್ರಾಯಿಟ್

ಶನಿವಾರ ಸಮುವೇಲರು ಊರು ತೋರಿಸಿದರು. ತೋರಿಸಲು ಇದ್ದದ್ದು ಇಲ್ಲದ್ದೇ. ಒಂದು ಬೀದಿಯಲ್ಲಿ ಹತ್ತು ಮನೆಯಿದ್ದರೆ ಮೂರರಲ್ಲಿ ದೀಪ. ಒಂದರ ಮಾಳಿಗೆ ಸುಟ್ಟಿತ್ತು, ಇನ್ನೊಂದರ ಕಿಟಕಿಯಿಂದ ಪರದೆ ಹೊರಗೆ ಹಾರುತ್ತಿತ್ತು. ಒಬ್ಬ ಮುದುಕ ತನ್ನ ಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿ, ಹಾಗೇ ಮುಂದುವರಿದು ಪಕ್ಕದ ಎರಡು ಪಾಳುಮನೆಗಳ ಮುಂದಿನದನ್ನೂ ಎತ್ತುತ್ತಿದ್ದ. ಯಾಕೆ ಅಂತ ಸಮುವೇಲರು ಕಾರಿನ ಗಾಜು ಇಳಿಸಿ ಕೇಳಿದರು. “ಅಂಚೆಯವಳು ಜಾರಬಾರದಲ್ಲ” ಅಂದ.

ತಾವು ಮಗಳ ಮನೆಗೆ ಬಂದ ಹೊಸತರಲ್ಲಿ ಭಾನುವಾರ ಹೋಗುತ್ತಿದ್ದ ಸಣ್ಣ ಇಟ್ಟಿಗೆಯ ಚರ್ಚನ್ನೂ ತೋರಿಸಿದರು. ಹೀಟರಿಗೆ ಖರ್ಚು ಹೊಂದದೆ ಕ್ರಿಸ್‌ಮಸ್ ಮುಗಿದ ಮೇಲೆ ಬೀಗ ಹಾಕಿದ್ದರು. ಈಗ ಅವರ ಆರಾಧನೆ ಮಗಳ ಮನೆಯ ಬೇಸ್‌ಮೆಂಟಿನಲ್ಲೇ.

“ಮೊದಲಿನ ಕಾಲದ ಕ್ರೈಸ್ತರೂ ಮನಿಯೊಳಗ ಕೂಡ್ತಿದ್ರು, ಹೌದಲ್ರಿ?” ಅಂದೆ, ಅವರ ಮಾತಿನ ಧಾಟಿ ನನಗೂ ಹತ್ತಿತ್ತು.

“ಹೌದ್ರಿ. ಆದ್ರ ಅವ್ರು ಬೆಳಕೋತ ಹೊಂಟಿದ್ರು. ನಾವು ಕರಗಿ ಕರಗಿ ಮನಿಗೆ ಬಂದೇವಿ” ಅಂದರು.

ಭಾನುವಾರ

ಸಮುವೇಲರು, ಸುಶೀಲಾ ಸೇರಿ ಹನ್ನೊಂದು ಜನ. ನೆರೆಯ ಮೂವರು ಕರಿಯ ಅಜ್ಜಿಯರು ಟೋಪಿ ಹಾಕಿಕೊಂಡು ಮುಂದಿನ ಸೋಫಾದಲ್ಲಿ, ಒಂದು ತೆಲುಗು ಜೋಡಿ, ಕಾರು ಕಾರ್ಖಾನೆಯಿಂದ ಮನೆಗೆ ಕಳಿಸಲ್ಪಟ್ಟ ಇಬ್ಬರು ಗಂಡಸರು, ಮಗಳು ಅಳಿಯ. ಬಟ್ಟೆ ಒಗೆಯುವ ಮಷೀನಿನ ಮೇಲೆ ಬಿಳಿ ಬಟ್ಟೆ ಹಾಸಿ ಅದನ್ನೇ ವೇದಿಕೆ ಮಾಡಿದ್ದರು. ಅಜ್ಜಿಯರು ಹಾಡಿದಾಗ ನೀರಿನ ಪೈಪುಗಳು ಸಣ್ಣಗೆ ಗುಂಯ್‌ಗುಟ್ಟಿದವು. ಕೊನೆಗೆ ಸಮುವೇಲರು ಕನ್ನಡದಲ್ಲಿ ಪ್ರಾರ್ಥನೆ ಹೇಳಿದರು. ಅರ್ಥವಾಗದಿದ್ದರೂ ಎಲ್ಲರೂ ತಲೆಬಾಗಿಸಿದ್ದರು.

ಆಮೆನ್ ಅಂದು ಕಣ್ಣು ತೆರೆದಾಗ ಮೆಟ್ಟಿಲ ಮೇಲೆ ಮೋಹನ್ ನಿಂತಿದ್ದರು. ಮಗಳು ಬಾಗಿಲು ತೆರೆದಿದ್ದಳಂತೆ. ಕೋಟು ತೆಗೆದಿರಲಿಲ್ಲ. ಬೂಟಿನ ಹಿಮ ಕರಗಿ ಮೆಟ್ಟಿಲಿಗೆ ತೊಟ್ಟಿಕ್ಕುತ್ತಿತ್ತು.

ಬಂದವರು ಒಬ್ಬೊಬ್ಬರೇ ಅವರ ಪಕ್ಕ ಹಾದು ಮೇಲೆ ಊಟಕ್ಕೆ ಹೋದರು. ಕೆಳಗೆ ನಾವು ನಾಲ್ವರು ಉಳಿದೆವು. ನಾನೂ ಹೋಗಲು ಎದ್ದೆ. ಸುಶೀಲಾ ನನ್ನ ಕೈ ಹಿಡಿದು ಕೂರಿಸಿದರು.

“ಅಂಕಲ್, ಶುಕ್ರವಾರ ಕಂಪನಿಯವರು ಕೇಳಿದ್ರು, ವಿಚಾರಣೆಗೆ ಬಂದು ಮತ್ತೆ ಅದೇ ಸಾಕ್ಷಿ ಹೇಳ್ತೀಯಾ ಅಂತ” ಅಂದರು ಮೋಹನ್.

“ಏನಂದಿ?”

“ಹೇಳ್ತೀನಿ ಅಂದೆ.” ಒಂದು ಮೆಟ್ಟಿಲು ಇಳಿದರು. “ಆಮೇಲೆ ಊಟ ಸೇರಲಿಲ್ಲ. ನಾನು ನಿಮಗೆ ಬರೆದುಕೊಡ್ತೀನಿ. ನಿಮ್ಮ ಚೀಟಿ ನನ್ನ ಕೈಗೆ ಬಂದಿತ್ತು ಅಂತ. ನಾನೇ ಮ್ಯಾನೇಜರಿಗೆ ಕೊಟ್ಟೆ ಅಂತ.”

ನಾನು ಸಮುವೇಲರ ಮುಖ ನೋಡಿದೆ. ಬೇಡ ಮಗನೇ, ನಿನ್ನ ಸಂಸಾರ ನೋಡಿಕೋ ಅನ್ನುತ್ತಾರೆ ಅಂತ ಕಾದೆ. ಕಥೆಗಳಲ್ಲಿ ಹಾಗೇ ಆಗುತ್ತದೆ.

“ಬರದು ಕೊಡು” ಅಂದರು ಸಮುವೇಲರು.

ಮಷೀನಿನ ಮೇಲಿನ ಬಿಳಿ ಬಟ್ಟೆ ಸರಿಸಿ, ಹಾಳೆ ಇಟ್ಟರು, ಪೆನ್ನು ಇಟ್ಟರು. ಮೋಹನ್ ನಿಂತೇ ಬರೆದರು. ಬರೆದು ಕೊಟ್ಟದ್ದನ್ನು ಸಮುವೇಲರು ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಹಿಡಿದು, ಮೊದಲಿಂದ ಕೊನೆಗೆ ಓದಿದರು. ಬೆರಳಿಟ್ಟು ತೋರಿಸಿದರು.

“ಇಲ್ಲೆ ‘ಬಹುಶಃ ಬಂದಿತ್ತು’ ಅಂತ ಬರದಿ. ಬಹುಶಃ ಯಾಕ?”

ಮೋಹನ್ ಪೆನ್ನಿನ ಮುಚ್ಚಳ ಹಾಕಿ ತೆಗೆದರು.

“ಬಂದಿತ್ತೋ ಇಲ್ಲೋ?”

“ಬಂದಿತ್ತು.”

“ಹಂಗ ಬರಿ.”

ಮೋಹನ್ ಎರಡನೆಯ ಹಾಳೆ ಬರೆಯತೊಡಗಿದರು. ಅದನ್ನು ಬರೆದು ಏನೇನು ಕಳೆದುಕೊಳ್ಳುತ್ತಿದ್ದಾರೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆರು ವರ್ಷದ ಕಾಯುವಿಕೆ, ನಳಿನಿಯ ಅಡುಗೆಮನೆ, ಅನನ್ಯಾಳ ಶಾಲೆ. ಸಮುವೇಲರಿಗೂ ಗೊತ್ತಿತ್ತು. ಅವರ ಮುಖ ಕಲ್ಲಾಗಿತ್ತು, ಆದರೆ ಪೆನ್ನು ತಡೆಯಲಿಲ್ಲ. ಓದಿದರು, ಮಡಿಸಿದರು, ಅಂಗಿಯ ಜೇಬಿಗೆ ಇಟ್ಟರು. ಕ್ಷಮಿಸಿದೆ ಅನ್ನಲಿಲ್ಲ. ಹೆಂಡತಿಯ ಕಡೆ ತಿರುಗಿ, “ಇನ್ನೊಂದು ತಾಟ ಹಾಕು” ಅಂದು ಮೆಟ್ಟಿಲು ಹತ್ತಿದರು.

ಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಅಜ್ಜಿಯರು ತಂದ ಮೆಕ್ಕೆಜೋಳದ ಬ್ರೆಡ್ಡು. ಮೋಹನ್ ತಟ್ಟೆ ಹಿಡಿದು ಗೋಡೆಗೆ ಒರಗಿ ತಿಂದರು. ಕುರ್ಚಿ ಖಾಲಿಯಿತ್ತು. ಕೂರು ಅಂತ ಸಮುವೇಲರು ಹೇಳಲಿಲ್ಲ, ಇವರೂ ಕೂರಲಿಲ್ಲ.

ಆಮೇಲೆ

ನಾನು ಮಾರ್ಚಿನಲ್ಲಿ ಮೈಸೂರಿಗೆ ಬಂದೆ. ಮಿಕ್ಕದ್ದು ನಳಿನಿಯ ಫೋನಿನಿಂದ ತಿಳಿದದ್ದು. ವಿಚಾರಣೆಯಲ್ಲಿ ಆ ಹಾಳೆ ಓದಿದರು. ಸಮುವೇಲರ ಮೇಲಿದ್ದ ಕಳಂಕ ತೆಗೆದರು. ಮೂರು ವಾರಕ್ಕೆ ಮೋಹನ್ ಕೆಲಸ ಹೋಯಿತು. ಬೇಸಿಗೆಯಲ್ಲಿ ಆ ಕಾರ್ಖಾನೆಯೇ ಮುಚ್ಚಿತು. ಸಹಿ ಮಾಡಿದ್ದರೂ, ಬಿಟ್ಟಿದ್ದರೂ ಯಾರೂ ಅಲ್ಲಿ ಉಳಿಯುತ್ತಿರಲಿಲ್ಲ. ಕಳಂಕ ಹೋದರೂ ಸಮುವೇಲರಿಗೆ ಕೆಲಸ ಸಿಗಲಿಲ್ಲ. ಆ ವಯಸ್ಸಿನವರನ್ನು ಕರೆಯುವ ಕಾರ್ಖಾನೆ ಯಾವುದೂ ಉಳಿದಿರಲಿಲ್ಲ.

ನಳಿನಿಯ ಮನೆಯವರು ಜೂನಿನಲ್ಲಿ ಊರಿಗೆ ಹೊರಟರು. ಮನೆ ಖಾಲಿ ಮಾಡುವ ದಿನ, ಯಾರೂ ಕರೆಯದೆ, ಐದು ಗಂಟೆ ಕಾರು ಓಡಿಸಿಕೊಂಡು ಸಮುವೇಲರು ಬಂದಿದ್ದರಂತೆ.

“ಮೊದಲಿನ ಹಾಗೆ ಏನೂ ಆಗಲಿಲ್ಲ ಅಕ್ಕ” ಅಂದಳು ನಳಿನಿ. “ಇಬ್ರೂ ಸೇರಿ ಸೋಫಾ ಎತ್ತಿದ್ರು. ಅಂಕಲ್ ಮುಂದೆ, ಇವರು ಹಿಂದಕ್ಕೆ ಹೆಜ್ಜೆ ಇಟ್ಕೊಂಡು. ಇಡೀ ದಿನ ಅವರು ಇವರಿಗೆ ಹೇಳಿದ್ದು ಒಂದೇ ಮಾತು.”

“ಏನು?”

“‘ಹಗೂರ. ಹಿಂದ ಮೆಟ್ಲ ಐತಿ, ನೋಡ್ಕೋ.’”